ಹೊಸ ಚಾನೆಲ್‌ನವರಿಗೆ ಒಂದು ಸೂಚನೆ

ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಹೊಸದಾಗಿ ಯೂಟ್ಯೂಬ್ ಚಾನೆಲ್ ಶುರು ಮಾಡಿದವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

"ನೀವು ನನ್ನ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ನಾನು ನಿಮ್ಮದು ಮಾಡುತ್ತೇನೆ" ಅನ್ನುವ ಮೆಸೇಜ್ ಇಲ್ಲಿ ಬೇಡ. ಅದು ಯೂಟ್ಯೂಬ್ ನಿಯಮಕ್ಕೇ ವಿರುದ್ಧ. ಹಾಗೆ ಬಂದವರು ವಿಡಿಯೋ ನೋಡುವುದೂ ಇಲ್ಲ. ಜಾಹೀರಾತಿನ ಹಣ ಬರಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳ ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆಯೋ, 90 ದಿನದಲ್ಲಿ ಶಾರ್ಟ್ಸ್‌ಗೆ (ಚಿಕ್ಕ ಉದ್ದನೆಯ ವಿಡಿಯೋಗಳಿಗೆ) 1 ಕೋಟಿ ವೀಕ್ಷಣೆಯೋ ಆಗಿರಬೇಕು, ನೋಡದವರನ್ನು ಕಟ್ಟಿಕೊಂಡು ಅದು ಹೇಗೆ ಆಗುತ್ತದೆ ಹೇಳಿ?

ಕಾಮೆಂಟ್ ಬರಬೇಕು ಅಂದರೆ ಪ್ರಶ್ನೆ ಸರಿಯಾಗಿರಬೇಕು. "ಅಭಿಪ್ರಾಯ ತಿಳಿಸಿ" ಅಂದರೆ ಯಾರೂ ಬರೆಯುವುದಿಲ್ಲ. ಒಂದೇ ಕೆಲಸವನ್ನು ಎರಡು ರೀತಿಯಲ್ಲಿ ಮಾಡಿ ತೋರಿಸಿ, ನೀವಾದರೆ ಯಾವುದು ಮಾಡುತ್ತೀರಿ ಅಂತ ವಿಡಿಯೋದ ನಡುವೆಯೇ ಕೇಳಿ, ಅದೇ ಪ್ರಶ್ನೆಯನ್ನು ನೀವೇ ಕಾಮೆಂಟ್ ಆಗಿ ಹಾಕಿ ಪಿನ್ ಮಾಡಿ (ಅಂದರೆ ಎಲ್ಲಕ್ಕಿಂತ ಮೇಲೆ ಕಾಣುವಂತೆ ಇಡಿ). ಬಂದ ಕಾಮೆಂಟ್‌ಗಳಿಗೆಲ್ಲ ಉತ್ತರ ಕೊಡಿ, ಸುಮ್ನೆ ಹಾರ್ಟ್ ಒತ್ತಿ ಬಿಡಬೇಡಿ. ಸಾಧ್ಯವಾದರೆ ತಿರುಗಿ ಒಂದು ಪ್ರಶ್ನೆ ಕೇಳಿ. ದೊಡ್ಡ ಚಾನೆಲ್‌ನವರಿಗೆ ಇದು ಆಗದ ಕೆಲಸ, ನಮಗೆ ಆಗುತ್ತದೆ ಅಲ್ವಾ!

ಉದ್ದದ ಲೋಗೋ, ಮ್ಯೂಸಿಕ್, "ಲೈಕ್ ಮಾಡಿ, ಶೇರ್ ಮಾಡಿ" ಇವೆಲ್ಲ ಶುರುವಿನಲ್ಲೇ ಬೇಡ (ಇನ್ನೂ ಏನೂ ನೋಡದವರು ಯಾಕೆ ಲೈಕ್ ಮಾಡಬೇಕು?). ಜನ ಎಲ್ಲಿ ಬಿಟ್ಟು ಹೋಗುತ್ತಿದ್ದಾರೆ ಅಂತ ಯೂಟ್ಯೂಬ್ ಸ್ಟುಡಿಯೋದ (ಚಾನೆಲ್ ನೋಡಿಕೊಳ್ಳಲು ಯೂಟ್ಯೂಬ್ ಕೊಟ್ಟಿರುವ ಜಾಗ) ಅನಲಿಟಿಕ್ಸ್‌ನಲ್ಲಿರುವ, ಅಂದರೆ ಅಂಕಿಅಂಶದ ಭಾಗದಲ್ಲಿರುವ ಗ್ರಾಫ್ ತೋರಿಸುತ್ತದೆ, ಅದನ್ನು ನೋಡಿ.

ಇಲ್ಲಿ ಬರೀ ಲಿಂಕ್ ಎಸೆದು ಹೋಗಬೇಡಿ. ವಿಡಿಯೋದಲ್ಲಿ ಏನಿದೆ, ಯಾವುದರ ಬಗ್ಗೆ ನಮ್ಮ ಮಾತು ಬೇಕು ಅಂತ ಎರಡು ಸಾಲು ಬರೆಯಿರಿ. ಇಲ್ಲದಿದ್ದರೆ ಅಡ್ಮಿನ್‌ಗಳು ಅಳಿಸುತ್ತಾರೆ.