ಮೊದಲ ಮೊಣಕೈಗೇ ಸೀಟಿ ಊದಲಿ

ಉಡುಪಿ

ಚಿ. ಅನುಷಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲಪಿತು. ಮಂಗಳೂರಿನ ಕೆಲವು ಕ್ಲಬ್‌ಗಳು ಸೇರಿ, ಆಟಗಾರರಿಗೆ ಸಂಭಾವನೆ ಕೊಟ್ಟು ನಡೆಸಲಿರುವ ಬಾಸ್ಕೆಟ್‌ಬಾಲ್ ಲೀಗಿಗೆ ಶಿಸ್ತಿನ ನಿಯಮಾವಳಿಯನ್ನು ಬರೆದುಕೊಡುವ ಕೆಲಸ, ಆಟವನ್ನೂ ಬಲ್ಲ ವಕೀಲೆಯೆಂಬ ಕಾರಣಕ್ಕೆ ನಿನ್ನ ಪಾಲಿಗೆ ಬಂದಿರುವುದು ಸಂತೋಷದ ಸಂಗತಿ. ಒರಟಾಟಕ್ಕೆ ಎಷ್ಟು ಶಿಕ್ಷೆ, ಹೊಡೆದಾಟಕ್ಕೆ ಎಷ್ಟು ಶಿಕ್ಷೆ ಎಂದು ನೀನು ಕೇಳಿರುವೆ. ಎಷ್ಟು ಎಂಬುದನ್ನು ನಿಶ್ಚಯಿಸುವ ಮೊದಲು ಯಾವಾಗ ಎಂಬುದನ್ನು ನಿಶ್ಚಯಿಸಿಕೊ ಎಂದು ನನ್ನ ಸಲಹೆ. ತಡವಾಗಿ ಬರುವ ದೊಡ್ಡ ಶಿಕ್ಷೆಗಿಂತ, ಕೂಡಲೇ ಮತ್ತು ತಪ್ಪದೆ ಬರುವ ಸಣ್ಣ ಶಿಕ್ಷೆಯೇ ಆಟವನ್ನು ಹದ್ದುಬಸ್ತಿನಲ್ಲಿ ಇಡುತ್ತದೆ.

ಸ್ಕೋರರ್ ಮೇಜಿನ ಹಿಂದೆ ಕುಳಿತವರಿಗೆ ಹೊಡೆದಾಟ ಹೇಗೆ ಹುಟ್ಟುತ್ತದೆಂಬುದು ಚೆನ್ನಾಗಿ ಕಾಣುತ್ತದೆ. ಬೋರ್ಡಿನ ಕೆಳಗೆ ಇಬ್ಬರು ಎತ್ತರದ ಆಟಗಾರರು ಬೆನ್ನಿಗೆ ಎದೆಯೊತ್ತಿ ನಿಂತಿರುತ್ತಾರೆ. ಹಿಂದಿನವನ ಒಂದು ಕೈ ಮುಂದಿನವನ ಬನಿಯನ್ನಿನ ಅಂಚನ್ನು ಹಿಡಿದಿರುತ್ತದೆ, ಹೆಬ್ಬೆರಳು ಚಡ್ಡಿಯ ಪಟ್ಟಿಯೊಳಗೆ ಸಿಕ್ಕಿಸಿರುತ್ತದೆ, ಚೆಂಡು ಮೇಲಕ್ಕೆ ಹೋದೊಡನೆ ಮೊಣಕೈ ಪಕ್ಕೆಲುಬಿಗೆ ಇಳಿಯುತ್ತದೆ. ರೆಫ್ರಿಯ ಕಣ್ಣು ಚೆಂಡಿನ ಮೇಲಿರುವುದರಿಂದ ಸೀಟಿ ಊದುವುದಿಲ್ಲ. ಮೂರನೆಯ ಸಲ ಪೆಟ್ಟು ತಿಂದವನು ತಿರುಗಿ ಮುಷ್ಟಿ ಎತ್ತುತ್ತಾನೆ, ಆಗ ಇಡೀ ಕ್ರೀಡಾಂಗಣವೇ ನೋಡುತ್ತದೆ. ಹೊರಗೆ ಹೋಗುವವನು ಅವನು. ಕೆಣಕಿದವನು ಕೈ ಮೇಲೆತ್ತಿ ‘ನಾನೇನು ಮಾಡಿದೆ’ ಎಂಬ ಮುಖ ಮಾಡಿ ಆಟ ಮುಂದುವರಿಸುತ್ತಾನೆ.

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎ ಈ ಪಾಠವನ್ನು ಬಹಳ ದುಬಾರಿಯಾಗಿ ಕಲಿತಿದೆ. 1977ರ ಡಿಸೆಂಬರ್ 9ರಂದು ಲಾಸ್ ಏಂಜಲೀಸ್ ಲೇಕರ್ಸ್‌ನ ಕರ್ಮಿಟ್ ವಾಷಿಂಗ್ಟನ್ ಮತ್ತು ಹ್ಯೂಸ್ಟನ್ ರಾಕೆಟ್ಸ್‌ನ ಕೆವಿನ್ ಕುನರ್ಟ್ ನಡುವೆ ಎಳೆದಾಟ ಶುರುವಾದಾಗ, ಅದನ್ನು ಬಿಡಿಸಲು ಓಡಿಬಂದವರು ರಾಕೆಟ್ಸ್‌ನ ರೂಡಿ ಟಾಮ್‌ಜಾನೊವಿಚ್. ಯಾರೋ ತನ್ನ ಮೇಲೆ ಬೀಳಲು ಬರುತ್ತಿದ್ದಾರೆಂದು ಎಣಿಸಿದ ವಾಷಿಂಗ್ಟನ್ ತಿರುಗಿ ಬೀಸಿದ ಒಂದೇ ಗುದ್ದಿಗೆ ಟಾಮ್‌ಜಾನೊವಿಚ್ ಅವರ ಮುಖದ ಮೂಳೆಗಳು ಮುರಿದು, ಬೆನ್ನುಹುರಿಯ ದ್ರವ ಸೋರತೊಡಗಿತು. ವಾಷಿಂಗ್ಟನ್‌ಗೆ 10,000 ಡಾಲರ್ ದಂಡವೂ ಅರುವತ್ತು ದಿನಗಳ ಅಮಾನತೂ ಆಗಿ, ಅವರು 26 ಪಂದ್ಯಗಳಿಂದ ಹೊರಗುಳಿದರು. ಆ ಕಾಲಕ್ಕೆ ಅದು ದೊಡ್ಡ ಶಿಕ್ಷೆಯೇ. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಮುಂದಿನ ಋತುವಿನಲ್ಲಿ ಲೀಗ್ ಮಾಡಿದ ಕೆಲಸ: ಇಬ್ಬರೇ ಇದ್ದಲ್ಲಿಗೆ ಮೂರನೆಯ ರೆಫ್ರಿಯನ್ನು ತಂದಿತು. ಖರ್ಚು ಹೆಚ್ಚಾಯಿತೆಂದು ಒಂದೇ ವರ್ಷದಲ್ಲಿ ಅದನ್ನು ಕೈಬಿಟ್ಟು, 1988–89ರಲ್ಲಿ ಮತ್ತೆ ತರಬೇಕಾಯಿತು. ನಿನ್ನ ಸಮಿತಿಯವರೂ ಮೊದಲ ಸಭೆಯಲ್ಲೇ ಖರ್ಚಿನ ಮಾತು ತೆಗೆಯುತ್ತಾರೆ. ಟ್ರೋಫಿಯ ಎತ್ತರವನ್ನು ಒಂದಡಿ ಕಡಿಮೆ ಮಾಡಿಯಾದರೂ ಮೂರನೆಯ ರೆಫ್ರಿಯನ್ನು ಇಟ್ಟುಕೊಳ್ಳಲಿ.

ಅದೇ ಪ್ರಕರಣದಲ್ಲಿ ನಿನ್ನ ವೃತ್ತಿಗೆ ಸಂಬಂಧಿಸಿದ ಇನ್ನೊಂದು ಮಾತಿದೆ. ಟಾಮ್‌ಜಾನೊವಿಚ್ ದಾವೆ ಹೂಡಿದ್ದು ಲೇಕರ್ಸ್ ತಂಡದ ಮೇಲೆ. ಜ್ಯೂರಿ ಅವರಿಗೆ ಕೇಳಿದ್ದಕ್ಕಿಂತಲೂ ಹೆಚ್ಚು, 30 ಲಕ್ಷ ಡಾಲರಿಗೂ ಮೀರಿದ ಪರಿಹಾರವನ್ನು ವಿಧಿಸಿತು. ಮುಂದೆ ಅದು ರಾಜಿಯಲ್ಲಿ ಮುಗಿಯಿತೆಂಬುದು ಬೇರೆ ವಿಷಯ. ಸಂಬಳ ಕೊಟ್ಟು ಆಡಿಸುವವನು ಆಟಗಾರನ ಒರಟುತನದ ಲಾಭವನ್ನು ಮಾತ್ರ ಪಡೆದು ಹೊಣೆಯಿಂದ ಜಾರಿಕೊಳ್ಳುವಂತಿಲ್ಲವೆಂಬ ಅಂಶವನ್ನು ನಿನ್ನ ನಿಯಮಾವಳಿಯ ಮೊದಲ ಪುಟದಲ್ಲೇ ಸೇರಿಸು. ಆಟಗಾರನಿಗೆ ಅಮಾನತಾದರೆ ಕ್ಲಬ್ಬಿಗೂ ದಂಡ ಬೀಳಬೇಕು.

ಉದ್ದೇಶ ಇತ್ತೇ ಇಲ್ಲವೇ ಎಂಬ ಜಿಜ್ಞಾಸೆಯಲ್ಲಿ, ವಕೀಲರಿಗೆ ಸಹಜವೇ ಆದರೂ, ಹೆಚ್ಚು ಮುಳುಗಬೇಡ. 2017ರ ಪ್ಲೇಆಫ್‌ನಲ್ಲಿ, ಅಂದರೆ ಋತುವಿನ ಕೊನೆಯ ನಾಕೌಟ್ ಸರಣಿಗಳಲ್ಲಿ, ಜಂಪ್ ಶಾಟ್ ಹೊಡೆದು ಕೆಳಗಿಳಿಯುತ್ತಿದ್ದ ಕವಾಯ್ ಲೆನಾರ್ಡ್ ಅವರ ಪಾದದಡಿಗೆ ಎದುರಾಳಿ ಜಾಜಾ ಪಚುಲಿಯಾ ಅವರ ಪಾದ ಬಂತು. ಮೊದಲೇ ನೋಯುತ್ತಿದ್ದ ಕಣಕಾಲು ಉಳುಕಿ ಲೆನಾರ್ಡ್ ಆ ಸರಣಿಯಲ್ಲಿ ಮತ್ತೆ ಆಡಲಿಲ್ಲ. ಬೇಕೆಂದೇ ಇಟ್ಟದ್ದೋ ಅಲ್ಲವೋ ಎಂದು ಜನ ಇಂದಿಗೂ ವಾದಿಸುತ್ತಾರೆ. ಲೀಗ್ ಆ ವಾದಕ್ಕೇ ಹೋಗದೆ, ಇಳಿಯುವವನ ಜಾಗಕ್ಕೆ ಅಜಾಗರೂಕತೆಯಿಂದ ನುಗ್ಗುವುದನ್ನು ಫ್ಲೇಗ್ರಂಟ್ ಫೌಲ್ (ಗಂಭೀರ ಒರಟಾಟದ ತಪ್ಪು) ಎಂದು ಪರಿಗಣಿಸಲು ಮುಂದಿನ ಋತುವಿನಿಂದ ರೆಫ್ರಿಗಳಿಗೆ ಅವಕಾಶ ಕೊಟ್ಟಿತು. ಕೃತ್ಯವನ್ನು ನೋಡಿ ಅಳೆಯಬೇಕು. ಮನಸ್ಸಿನೊಳಗೆ ಏನಿತ್ತೆಂದಾಗಲಿ, ಎಷ್ಟು ಮೂಳೆ ಮುರಿಯಿತೆಂದಾಗಲಿ ನೋಡಿ ಅಲ್ಲ. ತಾಗದೆ ಹೋದ ಗುದ್ದೂ ಗುದ್ದೇ.

ಸಣ್ಣ ತಪ್ಪುಗಳಿಗೆ ಲೆಕ್ಕದ ಪುಸ್ತಕವೊಂದನ್ನು ಇಡು. ಎನ್‌ಬಿಎಯಲ್ಲಿ ಅನಗತ್ಯ ಸ್ಪರ್ಶ ಫ್ಲೇಗ್ರಂಟ್ ಒಂದು, ಅನಗತ್ಯವೂ ಅತಿಯೂ ಆದದ್ದು ಫ್ಲೇಗ್ರಂಟ್ ಎರಡು. ಎರಡನೆಯದಕ್ಕೆ ಆಟಗಾರ ಕೂಡಲೇ ಹೊರಕ್ಕೆ. ಫ್ಲೇಗ್ರಂಟ್ ಒಂದಕ್ಕೆ ಒಂದು ದಂಡದ ಅಂಕ, ಫ್ಲೇಗ್ರಂಟ್ ಎರಡಕ್ಕೆ ಎರಡು ಅಂಕ ಸೇರುತ್ತಾ ಹೋಗಿ, ಸಾಮಾನ್ಯ ಋತುವಿನಲ್ಲಿ ಐದು ಮೀರಿದರೆ, ಪ್ಲೇಆಫ್‌ನಲ್ಲಿ ಮೂರು ಮೀರಿದರೆ ಅಮಾನತು. 2016ರ ಫೈನಲ್ಸ್‌ನಲ್ಲಿ ಗೋಲ್ಡನ್ ಸ್ಟೇಟ್ 3–1ರಿಂದ ಮುಂದಿದ್ದಾಗ ಆ ತಂಡದ ಡ್ರೇಮಂಡ್ ಗ್ರೀನ್ ಅವರ ಲೆಕ್ಕ ನಾಲ್ಕಕ್ಕೆ ತಲಪಿ ಐದನೆಯ ಪಂದ್ಯ ತಪ್ಪಿತು. ಕೊನೆಗೆ ಪ್ರಶಸ್ತಿ ಕ್ಲೀವ್‌ಲ್ಯಾಂಡಿನ ಪಾಲಾಯಿತು. ಅನ್ಯಾಯವೆಂದು ಕೂಗಿದವರಿದ್ದರೂ, ಅಂಕದ ಲೆಕ್ಕ ಮೊದಲೇ ಎಲ್ಲರೆದುರು ಬರೆದಿಟ್ಟದ್ದರಿಂದ ಮುಖ ನೋಡಿ ಮಣೆ ಹಾಕಿದರೆಂದು ಹೇಳುವಂತಿರಲಿಲ್ಲ. ನಮ್ಮಲ್ಲಿ ನಡೆಯುವ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮದಲ್ಲಿ ಎರಡು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ (ಕ್ರೀಡಾಮನೋಭಾವಕ್ಕೆ ಒಪ್ಪದ) ಫೌಲಾದರೆ ಆ ಪಂದ್ಯದಿಂದ ಹೊರಕ್ಕೆ ಹಾಕುತ್ತಾರೆ ಅಷ್ಟೇ. ಒಂದು ಪಂದ್ಯದಿಂದ ಇನ್ನೊಂದಕ್ಕೆ ಲೆಕ್ಕವನ್ನು ಒಯ್ಯುವುದು ಸಂಘಟಕರ ಕೆಲಸ, ಅಂದರೆ ನಿನ್ನ ಕೆಲಸ.

ನಿನಗೆ ಅತ್ಯಂತ ಕಷ್ಟವಾಗುವುದು ಬೆಂಚಿನ, ಅಂದರೆ ಹೊರಗೆ ಕುಳಿತ ಬದಲಿ ಆಟಗಾರರ, ನಿಯಮ. ಇಬ್ಬರ ಜಗಳ ಇಪ್ಪತ್ತು ಮಂದಿಯ ಜಗಳವಾಗುವುದು ಬೆಂಚಿನವರು ಒಳಗೆ ನುಗ್ಗಿದಾಗ. ಆದುದರಿಂದ ಜಗಳದ ಹೊತ್ತಿಗೆ ಬೆಂಚು ಬಿಟ್ಟವನಿಗೆ ಎನ್‌ಬಿಎಯಲ್ಲಿ ಕನಿಷ್ಠ ಒಂದು ಪಂದ್ಯದ ಅಮಾನತು. ಫಿಬಾ ನಿಯಮದಲ್ಲಿಯೂ ಕೋಚ್ ಮತ್ತು ಮೊದಲ ಸಹಾಯಕ ಕೋಚ್ ಮಾತ್ರ, ಅದೂ ಬಿಡಿಸಲಿಕ್ಕಾಗಿ, ಒಳಗೆ ಬರಬಹುದು. ಇದು ಸರಿಯೇ. ಆದರೆ 2007ರಲ್ಲಿ ಏನಾಯಿತು ನೋಡು. ಫೀನಿಕ್ಸ್ ಮತ್ತು ಸ್ಯಾನ್ ಆಂಟೋನಿಯೊ ಸರಣಿಯ ನಾಲ್ಕನೆಯ ಪಂದ್ಯದ ಕೊನೆಗೆ ರಾಬರ್ಟ್ ಹಾರಿ ಫೀನಿಕ್ಸ್‌ನ ಸ್ಟೀವ್ ನ್ಯಾಶ್ ಅವರನ್ನು ಸೊಂಟದಿಂದ ತಳ್ಳಿ ಸ್ಕೋರರ್ ಮೇಜಿಗೆ ಕೆಡವಿದರು. ತಮ್ಮವನು ಬಿದ್ದನೆಂದು ಅಮಾರೆ ಸ್ಟೌಡಮೈರ್, ಬೋರಿಸ್ ಡಿಯಾ ಬೆಂಚಿನಿಂದ ಕೆಲವು ಹೆಜ್ಜೆ ಮುಂದೆ ಬಂದು, ಯಾರನ್ನೂ ಮುಟ್ಟದೆ ಹಿಂದೆ ಸರಿದರು. ಹಾರಿಗೆ ಎರಡು ಪಂದ್ಯ, ಇವರಿಬ್ಬರಿಗೂ ಒಂದೊಂದು ಪಂದ್ಯದ ಅಮಾನತು. ಸರಣಿ 2–2ರಲ್ಲಿದ್ದಾಗ ಐದನೆಯ ಪಂದ್ಯವನ್ನು ಫೀನಿಕ್ಸ್ ತನ್ನದೇ ನೆಲದಲ್ಲಿ 88–85ರಿಂದ ಸೋತಿತು, ಸರಣಿಯನ್ನೂ ಕಳೆದುಕೊಂಡಿತು. ಪೆಟ್ಟು ತಿಂದ ತಂಡಕ್ಕೇ ಹೆಚ್ಚು ನಷ್ಟವಾಗುವ ಇಂಥ ನಿಯಮವನ್ನು ಕಂಡ ಜಾಣ ಕೋಚ್, ಎದುರಿನ ಬೆಂಚನ್ನು ಕೆರಳಿಸಲೆಂದೇ ಒಬ್ಬ ಸಾಮಾನ್ಯ ಆಟಗಾರನನ್ನು ಬಿಟ್ಟಾನು. ನೀನು ನಿಯಮವನ್ನು ಉಳಿಸಿಕೊ, ಆದರೆ ಗೆರೆಯೊಳಗೆ ಬಂದು ಜಗಳಕ್ಕೆ ಕೈಹಾಕಿದವನನ್ನೂ, ನಾಲ್ಕು ಹೆಜ್ಜೆ ಇಟ್ಟು ತಾನಾಗಿ ಮರಳಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ. ಎರಡನೆಯವನಿಗೆ ಹಣದ ದಂಡ ಸಾಕು.

ಪ್ರೇಕ್ಷಕರ ವಿಷಯದಲ್ಲಿ ದಾಕ್ಷಿಣ್ಯ ಬೇಡ. 2004ರ ನವೆಂಬರ್ 19ರಂದು ಮಿಷಿಗನ್‌ನಲ್ಲಿ ಇಂಡಿಯಾನಾ ಮತ್ತು ಡೆಟ್ರಾಯಿಟ್ ನಡುವಣ ಪಂದ್ಯದ ಫಲಿತಾಂಶ ನಿಶ್ಚಯವಾಗಿ ಇನ್ನೂ 45.9 ಸೆಕೆಂಡು ಉಳಿದಿದ್ದಾಗ ನಡೆದ ನೂಕಾಟ ತಣ್ಣಗಾಗುತ್ತಿದ್ದಂತೆ, ಗ್ಯಾಲರಿಯಿಂದ ಒಂದು ಲೋಟ ಬಂದು ಇಂಡಿಯಾನಾದ ರಾನ್ ಆರ್ಟೆಸ್ಟ್ ಅವರ ಮೈಮೇಲೆ ಬಿತ್ತು. ಅವರು ಗ್ಯಾಲರಿಗೇ ನುಗ್ಗಿ ಹಿಡಿದದ್ದು ಎಸೆದವನನ್ನಲ್ಲ, ಬೇರೊಬ್ಬನನ್ನು. ಒಂಬತ್ತು ಆಟಗಾರರಿಗೆ ಒಟ್ಟು 146 ಪಂದ್ಯಗಳ ಅಮಾನತಾಯಿತು, ಆರ್ಟೆಸ್ಟ್ ಅವರಿಗೆ ಉಳಿದ ಋತು ಪೂರ್ತಿ ಹೋಯಿತು. ನಮ್ಮೂರ ಕೋರ್ಟುಗಳಲ್ಲಿ ಜನ ಸೈಡ್‌ಲೈನಿಗೆ ಕಾಲು ಚಾಚಿ ಕುಳಿತಿರುತ್ತಾರೆ. ಅವರಿಗೂ ಆಟಗಾರರಿಗೂ ನಡುವೆ ಬೇಲಿಯೂ ಸ್ವಯಂಸೇವಕರೂ ಇರಲಿ. ಮತ್ತೊಂದು ಸಂಗತಿ, ಅಂದಿನ ಗಲಾಟೆಗೆ ಇಂಡಿಯಾನಾದವರೇ ಆದ ಜರ್ಮೇನ್ ಓನೀಲ್‌ಗೆ ವಿಧಿಸಿದ್ದ 25 ಪಂದ್ಯಗಳ ಶಿಕ್ಷೆಯನ್ನು ಹೊರಗಿನ ಮಧ್ಯಸ್ಥರೊಬ್ಬರು 15ಕ್ಕೆ ಇಳಿಸಿದರು. ಮೇಲ್ಮನವಿ ಕೇಳುವವರು ಯಾವ ಕ್ಲಬ್ಬಿನ ಪದಾಧಿಕಾರಿಯೂ ಆಗಿರಬಾರದು.

ಅನಿರ್ದಿಷ್ಟಾವಧಿ ಅಮಾನತು ನನಗೆ ಒಪ್ಪಿಗೆಯಿಲ್ಲ. 2023ರ ಡಿಸೆಂಬರಿನಲ್ಲಿ ಮೇಲೆ ಹೇಳಿದ ಡ್ರೇಮಂಡ್ ಗ್ರೀನ್ ಅವರಿಗೇ ಹಾಗೆ ಮಾಡಿ, ಆಪ್ತಸಲಹೆ ಪಡೆಯಬೇಕೆಂದು ಷರತ್ತು ಹಾಕಿ, ಕೊನೆಗೆ ಹನ್ನೆರಡು ಪಂದ್ಯಕ್ಕೆ ಮುಗಿಸಿದರು. ಷರತ್ತು ಒಳ್ಳೆಯದೇ, ಆದರೆ ದಿನಾಂಕ ಇರಲೇಬೇಕು.

ಕೊನೆಯದಾಗಿ ನಮ್ಮ ಕರಾವಳಿಯದೇ ಒಂದು ತೊಡಕು. ಹೊನಲು ಬೆಳಕಿನ ಪಂದ್ಯಾಟಗಳ ಕಾಲದಲ್ಲಿ ಒಬ್ಬನೇ ಆಟಗಾರ ಈ ವಾರ ಒಂದು ಕ್ಲಬ್ಬಿಗೆ, ಮುಂದಿನ ವಾರ ಇನ್ನೊಂದಕ್ಕೆ ಆಡುತ್ತಾನೆ. ಅಮಾನತು ಆಟಗಾರನ ಹೆಸರಿಗೆ ಅಂಟಿಕೊಂಡಿರಬೇಕು, ಬನಿಯನ್ನಿಗಲ್ಲ. ಅದಕ್ಕೆ ಉಡುಪಿಯ ಸಂಘಟಕರ ಒಪ್ಪಿಗೆಯೂ ಬೇಕು. ಇಲ್ಲಿ ನನಗೆ ಪರಿಚಯವಿರುವವರೊಡನೆ ಮಾತಾಡುತ್ತೇನೆ. ಕರಡು ಸಿದ್ಧವಾದೊಡನೆ ಕಳಿಸು, ಬೆಂಚಿನ ನಿಯಮದ ಭಾಗವನ್ನು ಮೊದಲು ಓದಬೇಕೆಂದಿದ್ದೇನೆ. ಅಪ್ಪ ಅಮ್ಮನಿಗೆ ನನ್ನ ನೆನಪುಗಳನ್ನು ತಿಳಿಸು.

ಇಂತು ನಿನ್ನ ಹಿತೈಷಿ,
ದೊಡ್ಡಪ್ಪ