ರಾ. ಸತ್ಯನಾರಾಯಣರನ್ನು ಓದಲು ಪುಸ್ತಕಗಳು ಸಿಗಲಿ

ಮಾನ್ಯ ಸಂಪಾದಕರೇ,

ಮೈಸೂರಿನ ಸಂಗೀತ ಪರಂಪರೆಯನ್ನು ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಓದಿದೆ. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯರಿಂದ ಮೊದಲುಗೊಂಡು ಹಲವರ ವಿಷಯವನ್ನು ಪ್ರೀತಿಯಿಂದ ಬರೆದಿರುವ ಲೇಖಕರು, ಸಂಗೀತಶಾಸ್ತ್ರಜ್ಞ ಡಾ. ರಾ. ಸತ್ಯನಾರಾಯಣ ಅವರಿಗೆ ಒಂದೇ ವಾಕ್ಯ ಕೊಟ್ಟಿದ್ದಾರೆ: 2018ರಲ್ಲಿ ಪದ್ಮಶ್ರೀ ಬಂದಿತು, 2020ರ ಜನವರಿಯಲ್ಲಿ ನಿಧನರಾದರು. ಎರಡೂ ಸರಿಯೇ. ಆದರೆ ಪ್ರಶಸ್ತಿ ಮತ್ತು ಮರಣಗಳ ನಡುವಿನ ಆ ಎರಡು ವರ್ಷಗಳಿಗೆ ಮೊದಲು ಅರ್ಧ ಶತಮಾನಕ್ಕೂ ಮೀರಿ ಅವರು ಮಾಡಿದ ಕೆಲಸವೇನು ಎಂಬುದು ಲೇಖನದಲ್ಲಿ ಬರಲಿಲ್ಲ.

ವೃತ್ತಿಯಿಂದ ಅವರು ರಸಾಯನಶಾಸ್ತ್ರದ ಅಧ್ಯಾಪಕರು. ಗ್ರಂಥಸಂಪಾದನೆಯಲ್ಲಿ ಅವರು ತೋರಿದ ಶಿಸ್ತಿಗೆ ಪ್ರಯೋಗಶಾಲೆಯೂ ಒಂದು ಕಾರಣವಿದ್ದೀತು ಎಂದು ನನಗೆ ಅನ್ನಿಸುವುದುಂಟು. ಇದು ನನ್ನ ಊಹೆ ಮಾತ್ರ.

ಅವರಿಂದ ನನಗಾದ ಉಪಕಾರವನ್ನು ಹೇಳಬೇಕಾದರೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಬಹುಕಾಲ ಪಾಠ ಹೇಳಿದವಳು ನಾನು. ‘ಕನಕಾಂಗಿಯಿಂದ ರಸಿಕಪ್ರಿಯದವರೆಗಿನ 72 ಮೇಳಗಳನ್ನು ವೆಂಕಟಮಖಿ ಹೆಸರಿಟ್ಟು ರಚಿಸಿದನು’ ಎಂದು ಶಾಸ್ತ್ರದ ಪ್ರಶ್ನೆಪತ್ರಿಕೆಗೆ ಬರೆಸುತ್ತಿದ್ದೆ. (ಮೇಳವೆಂದರೆ ಇತರ ರಾಗಗಳು ಹುಟ್ಟುವ ಮೂಲರಾಗ.) ಮಕ್ಕಳು ಅದನ್ನೇ ಬರೆದು ಪೂರ್ಣ ಅಂಕ ತರುತ್ತಿದ್ದರು. ಸತ್ಯನಾರಾಯಣರು ಸಂಪಾದಿಸಿದ, ವೆಂಕಟಮಖಿಯದೇ ಸಂಸ್ಕೃತ ಗ್ರಂಥವಾದ ‘ಚತುರ್ದಂಡೀಪ್ರಕಾಶಿಕಾ’ ಕೈಗೆ ಬಂದ ಮೇಲೆ, ನಾನು ವರ್ಷಗಟ್ಟಲೆ ಬರೆಸಿದ ಮಾತು ಮೂಲಗ್ರಂಥದಲ್ಲಿ ಇಲ್ಲವೆಂಬುದು ತಿಳಿಯಿತು. ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನ ನಾಯಕರ ಆಶ್ರಯದಲ್ಲಿದ್ದ ವೆಂಕಟಮಖಿ, ಲೆಕ್ಕ ಹಾಕಿ 72 ಮೇಳಗಳು ಸಾಧ್ಯವೆಂದು ತೋರಿಸುತ್ತಾನೆ, ಹಣೆಗಣ್ಣನಿಗೂ ಇದರಲ್ಲಿ ಒಂದನ್ನು ಹೆಚ್ಚಿಸಲು ಕಡಿಮೆ ಮಾಡಲು ಆಗದೆಂದು ಬೀಗುತ್ತಾನೆ. ಆದರೆ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದವೆಂದು ಆತ ವಿವರಿಸುವುದು ಮುಖಾರಿಯಿಂದ ಕಲ್ಯಾಣಿಯವರೆಗಿನ ಹತ್ತೊಂಬತ್ತನ್ನು ಮಾತ್ರ. ಹೆಸರಿನ ಅಕ್ಷರಗಳಿಂದಲೇ ಮೇಳದ ಸಂಖ್ಯೆಯನ್ನು ತಿಳಿಸುವ ಕಟಪಯಾದಿ ಸೂತ್ರಕ್ಕೆ ಹೊಂದುವ ಕನಕಾಂಗಿ, ರತ್ನಾಂಗಿ ಮುಂತಾದ ಹೆಸರುಗಳೆಲ್ಲ ಆಮೇಲಿನವು. ಇನ್ನೊಂದು ಸಂಗತಿಯಂತೂ ನನ್ನನ್ನು ನಗಿಸಿತು. ಇಂದು ಯಾವ ಕಚೇರಿಯಲ್ಲಿ ವಿಸ್ತಾರವಾಗಿ ಹಾಡಿದರೂ ಸಭೆ ತಲೆದೂಗುವ ಕಲ್ಯಾಣಿಯನ್ನು ಆ ಮಹಾಶಯ ಗೀತ, ಪ್ರಬಂಧಗಳೆಂಬ ಸಂಗೀತರಚನೆಗಳಿಗೆ ಒದಗದ ರಾಗವೆಂದು ತಳ್ಳಿಹಾಕಿದ್ದಾನೆ!

ಶಾಸ್ತ್ರವೆಂದರೆ ಎಂದೆಂದಿಗೂ ಹೀಗೆಯೇ ಇದ್ದ ಕಟ್ಟಳೆ ಎಂದು ನಂಬಿದ್ದ ನನ್ನಂಥವರಿಗೆ, ಲಕ್ಷ್ಯ (ಹಾಡುವ ರೂಢಿ) ಬದಲಾದಂತೆ ಲಕ್ಷಣವೂ (ಶಾಸ್ತ್ರದ ನಿಯಮ) ಬದಲಾಗುತ್ತ ಬಂದಿದೆ ಎಂಬುದನ್ನು ಗ್ರಂಥವನ್ನೇ ಮುಂದಿಟ್ಟು ತೋರಿಸಿದವರು ಅವರು. ತಮಿಳುನಾಡಿನ ಪುದುಕ್ಕೋಟ್ಟೈ ಸೀಮೆಯ ಕುಡುಮಿಯಾನ್‌ಮಲೈ ಬಂಡೆಯ ಮೇಲೆ ಏಳನೆಯ ಶತಮಾನದ್ದೆನ್ನಲಾದ ಶಾಸನವೊಂದಿದೆ. ರುದ್ರಾಚಾರ್ಯನ ಶಿಷ್ಯನಾದ ಒಬ್ಬ ರಾಜ, ಗ್ರಾಮರಾಗಗಳೆಂಬ ಏಳು ಪ್ರಾಚೀನ ರಾಗಗಳ ಸ್ವರಗಳನ್ನು ನಾಲ್ಕು ನಾಲ್ಕರ ಗುಂಪುಗಳಲ್ಲಿ ಕಲ್ಲಿನಲ್ಲಿ ಕೊರೆಸಿದ್ದಾನೆ. ಉದಾಹರಣೆಗೆ, ಅಲ್ಲಿ ರಿಷಭ ಸ್ವರವು ‘ರ ರಿ ರು ರೆ’ ಎಂದು ನಾಲ್ಕು ರೂಪಗಳಲ್ಲಿ ಬರುತ್ತದೆ. ಈ ಸ್ವರಾಕ್ಷರಗಳ ಅರ್ಥವೇನೆಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಸತ್ಯನಾರಾಯಣರು ತಮ್ಮ ಹರೆಯದಲ್ಲೇ ಈ ಶಾಸನವನ್ನು ಕೈಗೆತ್ತಿಕೊಂಡು ಅದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಇನ್ನು ನಮ್ಮ ರಾಮನಗರದ ಕಡೆಯಿಂದಲೋ ಶಿವಗಂಗೆಯ ಕಡೆಯಿಂದಲೋ ಹೊರಟವರು ಉತ್ತರದಲ್ಲಿ ಹೆಸರು ಮಾಡಿದರೆ ನಾವು ಸಾಮಾನ್ಯವಾಗಿ ಮರೆತುಬಿಡುತ್ತೇವೆ. ಶಿವಗಂಗೆಯ ಬಳಿಯ ಸಾತನೂರಿನಿಂದ ಖಾನದೇಶಕ್ಕೂ ಆಮೇಲೆ ಮೊಗಲರ ಕಾಲದ ಆಸ್ಥಾನಗಳಿಗೂ ಹೋದ ಪುಂಡರೀಕ ವಿಠ್ಠಲನ ‘ನರ್ತನನಿರ್ಣಯ’ವೆಂಬ ಸಂಗೀತ-ನೃತ್ಯಗಳ ಶಾಸ್ತ್ರಗ್ರಂಥವನ್ನು ಸತ್ಯನಾರಾಯಣರು ಅನುವಾದ, ವ್ಯಾಖ್ಯಾನಗಳೊಡನೆ ಮೂರು ಸಂಪುಟಗಳಲ್ಲಿ ಹೊರತಂದರು. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಅದನ್ನು ಪ್ರಕಟಿಸಿದೆ.

ಇವು ಇಂಗ್ಲಿಷಿನಲ್ಲಿರುವುದರಿಂದ ಹೊರಗಿನವರಿಗೂ ತಿಳಿದಿವೆ. ನನ್ನ ಚಿಂತೆ ಅವರ ಕನ್ನಡದ ಕೆಲಸದ್ದು. ಶಾರ್ಙ್ಗದೇವನ ‘ಸಂಗೀತರತ್ನಾಕರ’ವೆಂಬ ಹಳೆಯ ಸಂಸ್ಕೃತ ಸಂಗೀತಗ್ರಂಥಕ್ಕೆ ಅವರು ಕನ್ನಡದಲ್ಲಿ ವ್ಯಾಖ್ಯಾನ ಬರೆದು, ತನ್ನನ್ನು ‘ನಿಃಶಂಕ’ನೆಂದು ಕರೆದುಕೊಂಡ ಆ ಗ್ರಂಥಕರ್ತನ ಹೆಸರಿಗೆ ಒಪ್ಪುವಂತೆ ಅದನ್ನು ‘ನಿಃಶಂಕಹೃದಯ’ ಎಂದು ಕರೆದರು. ‘ಕರ್ನಾಟಕ ಸಂಗೀತ ವಾಹಿನಿ’ಯೂ ಅವರದೇ. ಶ್ರುತಿ, ಗ್ರಾಮ, ಮೂರ್ಛನೆಗಳಂಥ ಕಗ್ಗಂಟಿನ ವಿಷಯಗಳನ್ನು ಕನ್ನಡದಲ್ಲೇ ಬಿಡಿಸಿ ಹೇಳಬಹುದೆಂದು ಇವು ತೋರಿಸುತ್ತವೆ. ಗದ್ಯ ಸ್ವಲ್ಪ ಗಡುಸು, ಸಂಸ್ಕೃತದ ಭಾರ ಹೆಚ್ಚು ಎಂಬ ಆಕ್ಷೇಪವನ್ನು ನಾನು ಅಲ್ಲಗಳೆಯುವುದಿಲ್ಲ. ಪೆನ್ಸಿಲ್ ಹಿಡಿದು, ಒಂದೊಂದು ಪುಟಕ್ಕೆ ಎರಡೆರಡು ಸಲ ಹಿಂದಿರುಗಿ ಓದಬೇಕಾಗುತ್ತದೆ.

ಓದಬೇಕೆಂದರೆ ಪುಸ್ತಕ ಸಿಗಬೇಕಲ್ಲ? ‘ನಿಃಶಂಕಹೃದಯ’ಕ್ಕಾಗಿ ನಾನು ಪುಸ್ತಕದಂಗಡಿಗಳಲ್ಲಿ ಕೇಳಿ ಸಾಕಾಗಿ, ಒಂದು ಗ್ರಂಥಾಲಯಕ್ಕೆ ಹೋದೆ. ಸೂಚಿಯಲ್ಲಿ ಹೆಸರಿತ್ತು, ಕಪಾಟಿನಲ್ಲಿ ಪುಸ್ತಕವಿರಲಿಲ್ಲ. ಅಲ್ಲಿನ ಸಿಬ್ಬಂದಿ ಹುಡುಕಿಕೊಟ್ಟದ್ದು ಅದೇ ಸಾಲಿನಲ್ಲಿದ್ದ ಪರೀಕ್ಷೆಯ ಗೈಡ್ ಒಂದನ್ನು. ಕಡೆಗೆ ಗೆಳತಿಯೊಬ್ಬರ ಬಳಿಯಿದ್ದ ಜೆರಾಕ್ಸ್ ಪ್ರತಿಯ ಜೆರಾಕ್ಸ್ ಮಾಡಿಸಿಕೊಂಡೆ; ಅಡಿಟಿಪ್ಪಣಿಗಳ ಸಾಲುಗಳು ಅರ್ಧಕ್ಕರ್ಧ ಮಾಸಿಹೋಗಿವೆ.

ಆದ್ದರಿಂದ ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ, ಕನ್ನಡ ಪುಸ್ತಕ ಪ್ರಾಧಿಕಾರ ಹಾಗೂ ಸಂಗೀತ ವಿಭಾಗಗಳಿರುವ ನಮ್ಮ ವಿಶ್ವವಿದ್ಯಾಲಯಗಳಿಗೆ ತಮ್ಮ ಪತ್ರಿಕೆಯ ಮೂಲಕ ಒಂದು ವಿನಂತಿ. ಅವರ ಕನ್ನಡ ಗ್ರಂಥಗಳನ್ನು, ಹಕ್ಕುದಾರರ ಒಪ್ಪಿಗೆ ಪಡೆದು, ಪದಸೂಚಿಯೊಡನೆ ಮರುಮುದ್ರಿಸಬೇಕು. ಅದಕ್ಕೆ ಹಣವಿಲ್ಲವೆಂದಾದರೆ ಇರುವ ಒಳ್ಳೆಯ ಪ್ರತಿಗಳನ್ನು ಸ್ಕ್ಯಾನ್ ಮಾಡಿ ಜಾಲತಾಣದಲ್ಲಿ ಹಾಕಿದರೂ ಸಾಕು. ವಿದ್ವತ್ ಪರೀಕ್ಷೆಯ ಪಠ್ಯವನ್ನು ಪರಿಷ್ಕರಿಸುವವರು, 72 ಮೇಳಗಳ ಬಗೆಗಿನ ಪ್ರಶ್ನೆಗೆ ಸರಿಯುತ್ತರ ಯಾವುದೆಂದು ಆಗ ಮೂಲವನ್ನೇ ತೆರೆದು ನೋಡಿ ತೀರ್ಮಾನಿಸಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಂಗೀತ ಶಿಕ್ಷಕಿ, ಮೈಸೂರು