ಮಗಳಿಗೊಂದು ಪತ್ರ: ನೀನು ಕೇಳಿದ ವಿಂಗ್ ಚುನ್ ಕತೆ

ಪ್ರೀತಿಯ ಪುಟ್ಟಿ,

ವಿಂಗ್ ಚುನ್ ಎಂಬ ಚೀನಾದ ಕುಂಗ್ ಫು ವಿದ್ಯೆಯ ಕ್ಲಾಸಿಗೆ ಸೇರಿದ್ದೀಯ ಅಂತ ಕೇಳಿ ತುಂಬಾ ಖುಷಿಯಾಯಿತು. "ಇದನ್ನ ಹುಟ್ಟುಹಾಕಿದ್ದು ಒಬ್ಬ ಹೆಂಗಸು ಅಂತಾರೆ, ನಿಜವಾ ಅಮ್ಮ?" ಅಂತ ಕೇಳಿದ್ದೆಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕತೆ ಹೀಗಿದೆ. ಚೀನಾವನ್ನು ಆಳುತ್ತಿದ್ದ ಚಿಂಗ್ ದೊರೆಗಳ ಸೈನ್ಯ, ಕುಂಗ್ ಫುಗೆ ಹೆಸರಾದ ಶಾವೊಲಿನ್ ಬೌದ್ಧ ಮಠಕ್ಕೆ ಬೆಂಕಿ ಇಟ್ಟಾಗ ಉಂಗ್ ಮುಯ್ ಎಂಬ ಸನ್ಯಾಸಿನಿ ತಪ್ಪಿಸಿಕೊಂಡು ಬಂದಳು. ಅವಳಿದ್ದ ಕಡೆ ತೋಫು ಮಾರುವವನೊಬ್ಬನಿದ್ದ. ಅವನ ಮಗಳು ಯಿಮ್ ವಿಂಗ್ ಚುನ್. ಊರಿನ ಪುಂಡನೊಬ್ಬ ಅವಳನ್ನು ಬಲವಂತವಾಗಿ ಮದುವೆಯಾಗಲು ಹೊರಟಿದ್ದ. ಸನ್ಯಾಸಿನಿ ಹುಡುಗಿಗೆ ವಿದ್ಯೆ ಕಲಿಸಿದಳು, ಹುಡುಗಿ ಅವನನ್ನು ಹೊಡೆದು ಬೀಳಿಸಿದಳು. ಆಮೇಲೆ ತನಗೆ ಮೊದಲೇ ನಿಶ್ಚಯವಾಗಿದ್ದ ಗಂಡನ್ನೇ ಮದುವೆಯಾಗಿ ಅವನಿಗೂ ಹೇಳಿಕೊಟ್ಟಳು. ವಿದ್ಯೆಗೆ ಅವಳ ಹೆಸರೇ ಉಳಿಯಿತು.

ಇದಕ್ಕೆ ಆ ಕಾಲದ ದಾಖಲೆ ಇಲ್ಲ, ಪುಟ್ಟಿ. ಇಂದು ಎಲ್ಲರೂ ಹೇಳುವ ರೂಪ, ಕಳೆದ ಶತಮಾನದ ವಿಂಗ್ ಚುನ್ ಗುರು ಇಪ್ ಮ್ಯಾನ್ ಬರೆದಿಟ್ಟದ್ದು. ಹಾಗಂತ ಕತೆ ಬೇಡ ಅನ್ನುವುದಿಲ್ಲ. ಅದನ್ನು ಕತೆಯಾಗಿಯೇ ಇಟ್ಟುಕೋ.

ನನಗೆ ಜಾಸ್ತಿ ಇಷ್ಟವಾಗುವುದು ಆಮೇಲಿನ ಭಾಗ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಕ್ಯಾಂಟನೀಸ್ ನಾಟಕದ ತಂಡಗಳು ಕೆಂಪು ಬಣ್ಣದ ದೋಣಿಗಳಲ್ಲಿ ಊರೂರು ಸುತ್ತುತ್ತಿದ್ದವು. ವಿಂಗ್ ಚುನ್ ಆ ದೋಣಿಗಳಲ್ಲಿ ಬೆಳೆಯಿತು ಅನ್ನುತ್ತಾರೆ. ಇದರಲ್ಲಿ ಬಳಸುವ ಉದ್ದನೆಯ ಕೋಲು ದೋಣಿಯ ಜಲ್ಲೆಯಿಂದಲೇ ಬಂತು ಅನ್ನುವವರೂ ಇದ್ದಾರೆ. 1854ರಲ್ಲಿ ಲಿ ವೆನ್‌ಮಾವ್ ಎಂಬ ನಟ ತನ್ನ ಜೊತೆಯವರನ್ನು ಕಟ್ಟಿಕೊಂಡು ಚಿಂಗ್ ಆಳ್ವಿಕೆಯ ವಿರುದ್ಧ ದಂಗೆಗೆ ಇಳಿದ. ದಂಗೆ ಸೋತಿತು. ಫೋಶಾನ್ ಊರಿನಲ್ಲಿದ್ದ ನಟರ ಸಂಘದ ಕಟ್ಟಡ ನಾಶವಾಯಿತು. ಕ್ಯಾಂಟನೀಸ್ ನಾಟಕವೇ ಹಲವು ವರ್ಷ ನಿಷೇಧವಾಯಿತು.

ಅದೇ ಫೋಶಾನ್‌ನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದ ವೈದ್ಯ ಲಿಯುಂಗ್ ಜಾನ್. ಅವನಿಂದ ಕಲಿತವನು ಹಣ ಚಿಲ್ಲರೆ ಮಾಡಿಕೊಡುವ ಕೆಲಸದ ಚಾನ್ ವಾ ಶುನ್. ಅವನಿಗೆ ವಯಸ್ಸಾದ ಮೇಲೆ ಶಿಷ್ಯನಾದ ಹುಡುಗ ಇಪ್ ಮ್ಯಾನ್, 1893ರಲ್ಲಿ ಹುಟ್ಟಿದವನು. ಶ್ರೀಮಂತರ ಮನೆಯ ಇಪ್ ಮ್ಯಾನ್ ಎಲ್ಲ ಕಳೆದುಕೊಂಡು 1949ರಲ್ಲಿ ಹಾಂಗ್‌ಕಾಂಗ್‌ಗೆ ಬಂದ. ಮರುವರ್ಷ ಹೋಟೆಲ್ ಕಾರ್ಮಿಕರ ಸಂಘದಲ್ಲಿ ಪಾಠ ಶುರುಮಾಡಿದ. ಆಗ ಅವನಿಗೆ ಐವತ್ತು ದಾಟಿತ್ತು. ಮುಂದೆ ಬ್ರೂಸ್ ಲೀ ಹುಡುಗನಾಗಿ ಅವನ ಹತ್ತಿರವೇ ಕಲಿತ. ನೋಡು, ಈ ವಿದ್ಯೆ ಕೈಯಿಂದ ಕೈಗೆ ಬಂದದ್ದು ದುಡಿದು ತಿನ್ನುವವರ ನಡುವೆ. ಅರಮನೆಯಲ್ಲಿ ಅಲ್ಲ, ದಂಡಿನಲ್ಲೂ ಅಲ್ಲ.

ಈಗ ನಿನ್ನ ದೂರಿಗೆ ಬರುತ್ತೇನೆ. "ಸುಮ್ನೆ ನಿಲ್ಲಿಸಿ ಕೈ ಆಡಿಸ್ತಾರೆ, ಹೊಡೆಯೋದು ಯಾವಾಗ?" ಅಂದೆಯಲ್ಲ. ಸಿಯು ನಿಮ್ ತಾವ್ ಎಂಬ ಆ ಮೊದಲ ವರಸೆ ನಿನ್ನ ಸಂಗೀತದ ಸರಳೆ ವರಸೆ ಇದ್ದ ಹಾಗೆ. ಕಾಲ್ಬೆರಳು ಒಳಕ್ಕೆ, ಮಂಡಿ ಒಳಕ್ಕೆ, ಹೆಜ್ಜೆ ಕದಲಿಸುವಂತಿಲ್ಲ. ಮೊದಲ ಭಾಗದಲ್ಲಿ ಕೈ ತೀರಾ ನಿಧಾನವಾಗಿ ಮುಂದೆ ಹೋಗಿ ವಾಪಸ್ ಬರಬೇಕು. ಭುಜ ಬಿಗಿಯಬಾರದು, ಮೊಣಕೈ ಎದೆಯ ನಡುಗೆರೆಯತ್ತ ಇರಬೇಕು. ಆ ನಡುಗೆರೆಯೇ ಇಡೀ ವಿದ್ಯೆಯ ಜೀವಾಳ. ನಿನ್ನದನ್ನು ಕಾಯಬೇಕು, ಎದುರಿನವರದ್ದನ್ನು ಹಿಡಿಯಬೇಕು. ಗುದ್ದು ಹೊರಡುವುದೂ ಅಲ್ಲಿಂದಲೇ, ಮುಷ್ಟಿ ನೆಟ್ಟಗೆ ನಿಂತು, ನೇರ ದಾರಿಯಲ್ಲಿ. ಸುತ್ತಿಕೊಂಡು ಬರುವ ಏಟಿಗಿಂತ ನೇರ ಏಟು ಬೇಗ ತಲುಪುತ್ತದೆ, ಅಲ್ವಾ? ಒದೆತಗಳೂ ಹೆಚ್ಚಾಗಿ ಸೊಂಟದಿಂದ ಕೆಳಗೇ. ಒಂದು ಕೈ ತಡೆಯುವಾಗಲೇ ಇನ್ನೊಂದು ಕೈ ಹೊಡೆದಿರುತ್ತದೆ.

ಮುಂದೆ ಚಿ ಸಾವ್ ಬರುತ್ತದೆ. ಇಬ್ಬರ ಮುಂಗೈ ಒಂದಕ್ಕೊಂದು ತಾಗಿಸಿ ಉರುಳಿಸುತ್ತಾ ಇರುವ ಅಭ್ಯಾಸ. ಎದುರಿನವರು ಎತ್ತ ತಳ್ಳುತ್ತಾರೆ, ಎಲ್ಲಿ ಜಾಗ ಬಿಟ್ಟರು ಎಂಬುದು ಕಣ್ಣಿಗಿಂತ ಮೊದಲು ಚರ್ಮಕ್ಕೇ ಗೊತ್ತಾಗಬೇಕು. ತಳ್ಳಿದವರನ್ನು ತಿರುಗಿ ತಳ್ಳುವುದಿಲ್ಲ, ಆ ಬಲ ಪಕ್ಕಕ್ಕೆ ಹೋಗುವಂತೆ ಕೈ ತಿರುಗಿಸಿ, ಖಾಲಿಯಾದ ಜಾಗಕ್ಕೆ ನುಗ್ಗುವುದು. ಇಲ್ಲಿ ತೋಳಿನ ಬಲವನ್ನೇ ನಂಬಿದವರು ಹೆಚ್ಚು ಹೊತ್ತು ನಿಲ್ಲಲಾರರು. ನೀನು ಕೇಳಿದ್ದಕ್ಕೆ ನನ್ನ ಉತ್ತರ ಇದೇ. ಕಟ್ಟಿದ್ದು ಹೆಣ್ಣೋ ಗಂಡೋ, ತನಗಿಂತ ದೊಡ್ಡ ಆಳಿನ ಎದುರು ನಿಲ್ಲಬೇಕಾದವರ ಲೆಕ್ಕ ಇದರ ಒಂದೊಂದು ವರಸೆಯಲ್ಲೂ ಇದೆ. ನಿನ್ನ ಐದಡಿ ಎತ್ತರದ ಬಗ್ಗೆ ಬೇಜಾರು ಮಾಡಿಕೊಳ್ಳಬೇಡ.

1972ರಲ್ಲಿ, ಸಾಯುವುದಕ್ಕೆ ಸ್ವಲ್ಪ ಮೊದಲು, ಇಪ್ ಮ್ಯಾನ್ ತನ್ನ ಮನೆಯಲ್ಲೇ ವರಸೆಗಳನ್ನು ಮಾಡಿ ತೋರಿಸಿದ್ದನ್ನು ಚಿತ್ರೀಕರಿಸಿದ್ದಾರೆ. ಕಾಯಿಲೆಯಿಂದ ಸೊರಗಿದ ಮನುಷ್ಯ. ಆದರೂ ಮೊಣಕೈ ಎಲ್ಲಿರಬೇಕೋ ಅಲ್ಲೇ ಇದೆ. ಅದನ್ನು ಹುಡುಕಿ ನೋಡು, ಸಿಯು ನಿಮ್ ತಾವ್ ಭಾಗವನ್ನು ನಿನ್ನ ಕೈ ಜೊತೆ ಹೋಲಿಸಿ ನೋಡು.

ಆಮೇಲೆ ನಿಮ್ಮ ಗುರುಗಳನ್ನು ಕೇಳು, ಅವರದ್ದು ಇಪ್ ಮ್ಯಾನ್ ಕಡೆಯ ಪಾಠವೋ, ಬೇರೆ ಮನೆತನದ್ದೋ ಅಂತ. ಮರದ ಬೊಂಬೆಯನ್ನು ಎದುರಾಳಿಯಂತೆ ಇಟ್ಟುಕೊಂಡು ಮಾಡುವ ಅಭ್ಯಾಸ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುತ್ತದೆ. ಮಂಡಿ ನೋವು ಬಂದರೆ ಅವತ್ತೇ ಅವರಿಗೆ ಹೇಳು, ಸಹಿಸಿಕೊಂಡು ನಿಲ್ಲಬೇಡ. ರಜೆಗೆ ಬಂದಾಗ ನನಗೂ ಚಿ ಸಾವ್ ಹೇಳಿಕೊಡಬೇಕು.

ನಿನ್ನ,
ಅಮ್ಮ